ಒಂದೂವರೆ ಇಂಚು

ಹಳೆಯ ಕಪ್ಪು ಸೈಕಲ್ಲಿನ ಟೈರನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಪಕ್ಕದಲ್ಲಿ ಉಬ್ಬಕ್ಷರದಲ್ಲಿ 28 × 1½ ಎಂದು ಕಾಣುತ್ತದೆ. ನಮ್ಮ ಅಪ್ಪಂದಿರು ತುಳಿದದ್ದು, ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದವರು ತುಳಿದದ್ದು, ಪೋಸ್ಟ್‌ಮ್ಯಾನ್ ತುಳಿದದ್ದು ಎಲ್ಲ ಹೆಚ್ಚಾಗಿ ಈ ಅಳತೆಯೇ. 28 ಅಂದರೆ ಗಾಳಿ ತುಂಬಿದ ಚಕ್ರದ ಸುಮಾರು ಎತ್ತರ, ಒಂದೂವರೆ ಅಂದರೆ ಟೈರಿನ ಅಗಲ, ಎರಡೂ ಇಂಚಿನಲ್ಲಿ. ಈಗಿನ ಅಂತಾರಾಷ್ಟ್ರೀಯ ಲೆಕ್ಕದಲ್ಲಿ ಇದೇ ಟೈರಿಗೆ 40-635 ಎಂದು ಹೆಸರು: ಅಗಲ 40 ಮಿಲಿಮೀಟರ್, ಟೈರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರ್.

ಈಗ ಚೆನ್ನೈನ ದೊಡ್ಡ ಸೈಕಲ್ ಅಂಗಡಿಗಳಿಗೆ ಹೋದರೆ ಗ್ರಾವೆಲ್ ಬೈಕ್ ಎಂಬ ಹೊಸ ತಳಿ ನೋಡಲು ಸಿಗುತ್ತದೆ. ಬೆಲೆ ಲಕ್ಷದ ಆಚೀಚೆ. ಅದರ ವಿಶೇಷವೇನು ಎಂದು ಕೇಳಿದರೆ ಅಂಗಡಿಯ ಹುಡುಗ ಮೊದಲು ತೋರಿಸುವುದು ಟೈರನ್ನು. "ಫಾರ್ಟಿ ಎಂಎಂ ಸಾರ್, ಕಂಫರ್ಟ್, ಪಂಚರ್ ಕಡಿಮೆ." ನಲವತ್ತು! ನಮ್ಮಪ್ಪನ ಹರ್ಕ್ಯುಲಿಸ್‌ನಲ್ಲಿದ್ದದ್ದೂ ಅಷ್ಟೇ. ಇದ್ದದ್ದೊಂದು ಅಳತೆ ನಡುವೆ ಎಲ್ಲಿಗೆ ಹೋಗಿತ್ತು, ಯಾಕೆ ಹೋಗಿತ್ತು, ಯಾರ ಜೊತೆ ಉಳಿದುಕೊಂಡಿತ್ತು ಎಂದು ಹುಡುಕುತ್ತಾ ಹೋದದ್ದರ ಫಲ ಈ ಬರಹ. ಹುಡುಕಾಟಕ್ಕೆ ಒಂದು ಸ್ವಾರ್ಥದ ಕಾರಣವೂ ಇತ್ತು. ವೇಳಚ್ಚೇರಿಯಿಂದ ಪಳ್ಳಿಕರಣೈ ಮೇಲೆ ಶೋಳಿಂಗನಲ್ಲೂರಿಗೆ ನಾನು ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುವವನು. ಹೋಗಿ ಬಂದರೆ ಹೆಚ್ಚುಕಡಿಮೆ 25 ಕಿಲೋಮೀಟರ್. ನನ್ನ ಹೈಬ್ರಿಡ್ ಸೈಕಲ್ಲಿಗೆ ಬಂದಿದ್ದ 28 ಮಿಲಿಮೀಟರ್ ಟೈರು ಸವೆದಿತ್ತು, ಹೊಸದು ಹಾಕಿಸಬೇಕಿತ್ತು. ಈ ಊರಿನ ಮಳೆಗಾಲದಲ್ಲಿ, ಅಂದರೆ ಅಕ್ಟೋಬರಿನಿಂದ ಡಿಸೆಂಬರಿನೊಳಗೆ, ನಾಲ್ಕು ಸಲ ಪಂಚರ್ ಆಗಿತ್ತು.

ಗಾಳಿ ಟೈರಿನ ಕಥೆ ಡನ್‌ಲಪ್‌ನಿಂದ ಶುರುವಾಗುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಅದಕ್ಕೂ ಹಿಂದೆ ಒಬ್ಬನಿದ್ದ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದು, ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆಗಾಡಿಗಳಿಗೆ ಕಟ್ಟಿ ಓಡಿಸಿ ತೋರಿಸಿದ. ಆಗಿನ್ನೂ ಪೆಡಲ್ ಸೈಕಲ್ಲೇ ಜನಪ್ರಿಯವಾಗಿರಲಿಲ್ಲ, ರಬ್ಬರೂ ದುಬಾರಿ. ಅದು ಅಲ್ಲಿಗೇ ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಮೇಲೆ ಗಡಗಡ ಅನ್ನದಿರಲಿ ಎಂದು ಇದನ್ನೇ ಮತ್ತೆ ಕಂಡುಹಿಡಿದ. ಮರದ ತಟ್ಟೆಯೊಂದರ ಸುತ್ತ ರಬ್ಬರ್ ಕೊಳವೆ ಸುತ್ತಿ, ಮೇಲೆ ಬಟ್ಟೆ ಹೊದಿಸಿ, ಮೊಳೆ ಹೊಡೆದು, ಗಾಳಿ ತುಂಬಿದ. ಅದನ್ನೂ ಗಟ್ಟಿ ರಬ್ಬರಿನ ಹಳೆಯ ಚಕ್ರವನ್ನೂ ಅಂಗಳದಲ್ಲಿ ಉರುಳಿಬಿಟ್ಟ. ಗಟ್ಟಿ ಚಕ್ರ ಅರ್ಧದಾರಿಯಲ್ಲಿ ಬಿತ್ತು, ಗಾಳಿ ಚಕ್ರ ಅಂಗಳದ ಕೊನೆಯವರೆಗೂ ಹೋಯಿತು.

ಆ ಅಂಗಳದಲ್ಲಿ ಗೊತ್ತಾದದ್ದನ್ನು ಮುಂದಿನವರು ಸುಮಾರು ನೂರು ವರ್ಷ ಮರೆತಿದ್ದರು ಎಂಬುದೇ ನನಗೆ ಆಶ್ಚರ್ಯ. ಡನ್‌ಲಪ್‌ಗೆ ಬೇಕಿದ್ದದ್ದು ಮೈ ಕುಲುಕದ ಸವಾರಿ. ಸಿಕ್ಕಿದ್ದು ವೇಗವೂ ಹೌದು. ಮರುವರ್ಷ, 1889ರ ಮೇ ತಿಂಗಳಲ್ಲಿ, ವಿಲ್ಲಿ ಹ್ಯೂಮ್ ಎಂಬ ಸವಾರ ಈ ಉಬ್ಬಿದ ಟೈರಿನ ಸೈಕಲ್ ಏರಿ ಬೆಲ್‌ಫಾಸ್ಟಿನ ಪಂದ್ಯಕ್ಕೆ ಬಂದಾಗ ಜನ ನಕ್ಕರಂತೆ. ಪಂದ್ಯ ಮುಗಿಯುವ ಹೊತ್ತಿಗೆ ನಗು ನಿಂತಿತ್ತು. ಮೆತ್ತಗಿರುವುದೂ ಜೋರಾಗಿ ಓಡುವುದೂ ಒಂದಕ್ಕೊಂದು ವೈರಿ ಎಂದು ಆಗ ಯಾರಿಗೂ ಅನಿಸಿರಲಿಲ್ಲ. (ಡನ್‌ಲಪ್‌ನ ಪೇಟೆಂಟ್ 1890ರಲ್ಲಿ ಬಿದ್ದುಹೋಯಿತು, ಥಾಮ್ಸನ್ನನದು ಮೊದಲೇ ಇತ್ತೆಂಬ ಕಾರಣಕ್ಕೆ. ಹೆಸರು ಮಾತ್ರ ಡನ್‌ಲಪ್‌ನದೇ ಉಳಿಯಿತು.)

ಆದರೆ ಗಾಳಿಯ ಜೊತೆಗೆ ಪಂಚರ್ ಕೂಡ ಬಂತು. ಮೊದಲ ಟೈರುಗಳನ್ನು ರಿಮ್ಮಿಗೆ ಅಂಟಿಸುತ್ತಿದ್ದರು. ಒಂದು ಮುಳ್ಳು ಚುಚ್ಚಿದರೆ ಬಿಚ್ಚಲು ಗಂಟೆಗಟ್ಟಲೆ, ಅಂಟು ಒಣಗಲು ಒಂದು ರಾತ್ರಿ. ಫ್ರಾನ್ಸಿನ ಮಿಶೆಲಿನ್ ಸೋದರರು 1891ರಲ್ಲಿ ಕಳಚಿ ಹಾಕಬಹುದಾದ ಟೈರು ತಂದರು. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟಿಗೆ ಹೋಗಿ ಬರುವ ಸುಮಾರು 1200 ಕಿಲೋಮೀಟರಿನ ಪಂದ್ಯವನ್ನು ಶಾರ್ಲ್ ತೆರೋಂ ಆ ಟೈರಿನ ಮೇಲೆ ಗೆದ್ದ. ರಸ್ತೆಬದಿಯಲ್ಲಿ ಕೂತು ಟೈರು ಬಿಚ್ಚಿ, ಟ್ಯೂಬು ಎಳೆದು, ತೇಪೆ ಹಾಕಿ, ಮತ್ತೆ ಏರಿಸುವ ಕಸುಬು ಸಾಧ್ಯವಾದದ್ದು ಟೈರು ಕಳಚುವಂತಾದ ಮೇಲೆ. ನಮ್ಮ ಮರದಡಿಯ ಪಂಚರ್ ಅಂಗಡಿ, ಕೊಂಬೆಗೆ ನೇತುಹಾಕಿದ ಹಳೆ ಟೈರಿನ ಬೋರ್ಡು, ನೀರು ತುಂಬಿದ ಜಜ್ಜಿದ ಬೇಸಿನ್ನು ಎಲ್ಲ ಆ ಬದಲಾವಣೆಯ ಕೂಸುಗಳು.

ಇನ್ನು ಒಂದೂವರೆ ಇಂಚಿಗೆ ಬರೋಣ. ಚಕ್ರ ಎಷ್ಟಗಲ ಇರಬೇಕು ಎಂಬುದು ಸೈಕಲ್ಲಿಗಿಂತ ಹಳೆಯ ತಕರಾರು. ಸಣ್ಣ ಕಬ್ಬಿಣದ ಪಟ್ಟಿಯ ಗಾಡಿಚಕ್ರ ರಸ್ತೆಯನ್ನು ಚಾಕುವಿನಂತೆ ಸೀಳುತ್ತದೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1753ರಲ್ಲಿ ಕಾಯ್ದೆಯನ್ನೇ ಮಾಡಿ, ಭಾರದ ಬಂಡಿಗಳಿಗೆ ಒಂಬತ್ತು ಇಂಚು ಅಗಲದ ಚಕ್ರ ಬೇಕೆಂದಿತ್ತು. ಅಲ್ಲಿ ರಸ್ತೆಯನ್ನು ಚಕ್ರದಿಂದ ಕಾಪಾಡುವ ಚಿಂತೆ. ಸೈಕಲ್ಲಿನ ವಿಷಯದಲ್ಲಿ ಅದು ತಿರುಗಿತು: ಸವಾರನನ್ನು ರಸ್ತೆಯಿಂದ ಕಾಪಾಡಬೇಕು. ಬ್ರಿಟಿಷ್ ಕಂಪನಿಗಳು ದಿನಬಳಕೆಗೂ ವಸಾಹತುಗಳ ಕಚ್ಚಾ ರಸ್ತೆಗೂ ಎಂದು ಮಾಡಿದ ರೋಡ್‌ಸ್ಟರ್‌ಗೆ ಎತ್ತರದ ಚಕ್ರ, ರಾಡ್ ಬ್ರೇಕು, ಬ್ರೇಕಿನ ಕಟ್ಟೆ ಒಳಗಿನಿಂದ ಬಂದು ಕಚ್ಚುವಂಥ ಬಾಗಿದ ವೆಸ್ಟ್‌ವುಡ್ ರಿಮ್ಮು, ಅದರ ಮೇಲೆ 28 × 1½ ಟೈರು ಗಟ್ಟಿಯಾದವು. ಫ್ರಾನ್ಸಿನಲ್ಲಿಯೂ ಇದೇ ರಿಮ್ಮು 700ಬಿ ಎಂಬ ಹೆಸರಿನಲ್ಲಿತ್ತು. ಅಲ್ಲಿ ಸೇಂತ್-ಎತಿಯೆನ್ ಊರಿನ ಪೌಲ್ ದ ವಿವಿ, ವೆಲೋಸಿಯೊ ಎಂಬ ಹೆಸರಿನಲ್ಲಿ ತನ್ನ ಸೈಕಲ್ ಪತ್ರಿಕೆಯಲ್ಲಿ ಬರೆಯುತ್ತಿದ್ದವನು, ಗುಡ್ಡಗಾಡಿನ ದೂರ ಪ್ರಯಾಣಕ್ಕೆ ದಪ್ಪ ಟೈರೇ ಸರಿ ಎಂದು ಪಂದ್ಯದವರ ಜೊತೆ ವಾದ ಮಾಡುತ್ತಿದ್ದ. 1930ರಲ್ಲಿ ತೀರಿಕೊಂಡ. ಅವನ ಮಾತನ್ನು ಪ್ರವಾಸಿ ಸವಾರರು ಕೇಳಿದರು, ಪಂದ್ಯದವರು ಕೇಳಲಿಲ್ಲ.

ಮದ್ರಾಸಿಗೆ ಸೈಕಲ್ ಬಹುಕಾಲ ಹಡಗಿನಲ್ಲಿ ಬರುವ ಸರಕು. ಮೊದಲು ದೊರೆಗಳಿಗೆ, ಆಮೇಲೆ ವಕೀಲರಿಗೆ ಗುಮಾಸ್ತರಿಗೆ, ಆಮೇಲೆ ನಿಧಾನವಾಗಿ ಉಳಿದವರಿಗೆ. ಆಗ ಬಳ್ಳಾರಿಯೂ ಮಂಗಳೂರೂ ಮದ್ರಾಸ್ ಪ್ರಾಂತ್ಯದೊಳಗೇ ಇದ್ದವು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ, ಮುಂದೆ ಒಂದು ಮುಳ್ಳಿನ ವಿಷಯಕ್ಕೆ ಬೇಕಾಗುತ್ತದೆ. 1942ರಲ್ಲಿ ಮಲಯಾ ಜಪಾನಿನ ಕೈಸೇರಿದಾಗ ರಬ್ಬರಿಗೆ ಬರ ಬಂತು. ಹರಿದ ಟೈರಿನೊಳಗೆ ಇನ್ನೊಂದು ಟೈರಿನ ತುಂಡು ಸೇರಿಸಿ ಓಡಿಸುವ ಉಪಾಯಕ್ಕೆ ಇಂಥ ಕಾಲದಲ್ಲಿ ಬೆಲೆ ಹೆಚ್ಚು. ಆ ತುಂಡಿಗೆ ನಮ್ಮಲ್ಲಿ ಇವತ್ತಿಗೂ ಗೇಟರ್ ಎನ್ನುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ ಹೊರಗಿನ ಸರಕಿಗೆ ಕಡಿವಾಣ ಬಿತ್ತು, ಇಲ್ಲೇ ಮಾಡಿ ಎಂಬ ನೀತಿ ಬಂತು. 1949ರಲ್ಲಿ ಮುರುಗಪ್ಪ ಬಳಗ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಟಿಐ ಸೈಕಲ್ಸ್ ಕಟ್ಟಿತು. ಕಾರ್ಖಾನೆ ಮದ್ರಾಸಿನ ಪಶ್ಚಿಮದ ಅಂಬತ್ತೂರಿನಲ್ಲಿ. ಹರ್ಕ್ಯುಲಿಸ್, ಫಿಲಿಪ್ಸ್, ಬಿಎಸ್‌ಎ, ಮೂರೂ ಇಂಗ್ಲಿಷ್ ಹೆಸರುಗಳು, ಅಲ್ಲಿಂದ ಹೊರಟವು. ಡನ್‌ಲಪ್ ಕೂಡ ಅಂಬತ್ತೂರಿನಲ್ಲೇ ಟೈರು ಕಾರ್ಖಾನೆ ಹಾಕಿತು. ಕಂಪನಿ ಸೊರಗಿದರೂ ಆ ಕಡೆಯ ಬಸ್ಸಿನ ಕಂಡಕ್ಟರುಗಳ ಬಾಯಲ್ಲಿ "ಡನ್‌ಲಪ್" ಒಂದು ಸ್ಟಾಪಿನ ಹೆಸರಾಗಿ ಉಳಿದಿದೆ. ತಿರುವೊತ್ತಿಯೂರಿನಲ್ಲಿ 1946ರಲ್ಲಿ ಮಕ್ಕಳ ಬಲೂನು ಮಾಡುವ ಶೆಡ್ಡಾಗಿ ಶುರುವಾದ ಮದ್ರಾಸ್ ರಬ್ಬರ್ ಫ್ಯಾಕ್ಟರಿ ಎಂಆರ್‌ಎಫ್ ಆದದ್ದು ಇನ್ನೊಂದು ಕಥೆ. ಈ ಪಟ್ಟಣ ಎಷ್ಟು ರಬ್ಬರಿನ ಪಟ್ಟಣ ಎಂದು ಇಲ್ಲಿಗೆ ಬಂದ ಎಷ್ಟೋ ವರ್ಷಗಳವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ.

ನಮ್ಮಪ್ಪನ ಹರ್ಕ್ಯುಲಿಸ್ ಅರಸೀಕೆರೆಯ ಅಂಗಡಿಯಲ್ಲಿ ಕೊಂಡದ್ದು. ಹ್ಯಾಂಡಲ್ ಕೆಳಗಿನ ಬಿಲ್ಲೆಯಲ್ಲಿ ಮದ್ರಾಸ್ ಎಂದಿತ್ತು. ನಮ್ಮ ಮನೆಗೆ ಮದ್ರಾಸಿನ ನಂಟು ಅಷ್ಟು ಹಿಂದಿನದು. ಹಿಂದಿನ ಕ್ಯಾರಿಯರಿಗೆ ಎರಡು ಚೀಲ ಕೊಬ್ಬರಿ, ಮುಂದಿನ ಕಂಬಿಯ ಮೇಲೆ ನಾನು. ಕೆರೆ ಏರಿಯ ಜಲ್ಲಿಯ ಮೇಲೆ ಆ ಸೈಕಲ್ಲು ಕಿರುಗುಟ್ಟುತ್ತಿತ್ತೇ ಹೊರತು ಕುಪ್ಪಳಿಸುತ್ತಿರಲಿಲ್ಲ. ವಾರಕ್ಕೊಮ್ಮೆ ಬ್ಲೋ ಹೊಡೆಸಿದರೆ ಮುಗಿಯಿತು. ಗಾಳಿ ಎಷ್ಟಿರಬೇಕೆಂದು ಮೀಟರ್ ಇಟ್ಟು ನೋಡಿದವರಿಲ್ಲ, ಹೆಬ್ಬೆಟ್ಟಿನಲ್ಲಿ ಒತ್ತಿ ನೋಡುವುದೇ ಅಳತೆ.

1991-92ರಲ್ಲಿ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ನಡೆದದ್ದು ಈ ಅಗಲದ ಟೈರಿನ ಇತಿಹಾಸಕ್ಕೆ ಸೇರಬೇಕೆಂದು ನನ್ನ ಅಭಿಪ್ರಾಯ, ಟೈರಿನ ಬಗ್ಗೆ ಬರೆಯುವವರು ಅದನ್ನು ಸೇರಿಸುವುದಿಲ್ಲ. ಅರಿವೊಳಿ ಸಾಕ್ಷರತಾ ಆಂದೋಲನದ ಜೊತೆಗೆ, ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರ ಒತ್ತಾಸೆಯಿಂದ, ಹಳ್ಳಿಯ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ ಕಲಿತರು. ಕಲ್ಲು ಕ್ವಾರಿಯ ಕೂಲಿಗಳು, ಕೃಷಿ ಕೂಲಿಗಳು, ಅಂಗನವಾಡಿಯವರು. ಲೇಡೀಸ್ ಸೈಕಲ್ ಸಾಕಾಗದೆ ಗಂಡಸರ ಸೈಕಲ್ಲನ್ನೇ ಹಿಡಿದರು. ಕೆಲವರಿಗೆ ಅದೇ ಹೆಚ್ಚು ಇಷ್ಟ, ಮುಂದಿನ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಬಹುದು ಎಂದು ಪಿ. ಸಾಯಿನಾಥ್ ಬರೆದಿದ್ದಾರೆ. ಮಗು ಮುಂದೆ, ನೀರಿನ ಕೊಡ ಹಿಂದೆ, ನಡುವೆ ಹೊಸದಾಗಿ ಕಲಿತ ತಾಯಿ, ಕೆಳಗೆ ಟಾರಿಲ್ಲದ ದಾರಿ. ಅಷ್ಟು ಭಾರವನ್ನು 23 ಮಿಲಿಮೀಟರ್ ಟೈರಿನ ಮೇಲೆ ಊಹಿಸಿಕೊಳ್ಳಿ, ನನಗಂತೂ ಆಗುವುದಿಲ್ಲ.

ಹಾಗಾದರೆ ಸಣ್ಣ ಟೈರು ಎಲ್ಲಿಂದ ಬಂತು? ಪಂದ್ಯದಿಂದ, ಮತ್ತು ಪ್ರಯೋಗಾಲಯದಿಂದ. ಟೈರಿನ ಕಂಪನಿಗಳು ಉರುಳುವ ಪ್ರತಿರೋಧವನ್ನು ನುಣುಪಾದ ಉಕ್ಕಿನ ಪೀಪಾಯಿಯ ಮೇಲೆ ಟೈರನ್ನು ಒತ್ತಿ ತಿರುಗಿಸಿ ಅಳೆಯುತ್ತಿದ್ದವು. ಆ ಪೀಪಾಯಿಯ ಮೇಲೆ ಗಾಳಿ ಹೆಚ್ಚಿಸಿದಷ್ಟೂ ಟೈರು ಹಗುರಾಗಿ ತಿರುಗುತ್ತದೆ. ಹೆಚ್ಚು ಗಾಳಿ ತಡೆಯಲು ಸಣ್ಣ ಟೈರೇ ಅನುಕೂಲ. ಹೀಗಾಗಿ ಸಣ್ಣದು, ಗಟ್ಟಿಯಾದದ್ದು, ವೇಗದ್ದು ಮೂರೂ ಒಂದೇ ಎಂಬ ಮಾತು ನಿಂತಿತು. ಪೀಪಾಯಿಯ ಮೇಲೆ ಇಲ್ಲದಿದ್ದದ್ದು ಎರಡು: ಒರಟು ರಸ್ತೆ, ಮತ್ತು ಸವಾರ. ಗಟ್ಟಿ ಟೈರು ಪ್ರತಿ ಉಬ್ಬಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತಿ ಕುಕ್ಕುತ್ತದೆ, ತುಳಿದ ಶಕ್ತಿಯ ಒಂದು ಪಾಲು ಮೈಯ ಮಾಂಸಖಂಡಗಳನ್ನು ಅಲುಗಾಡಿಸುವುದರಲ್ಲೇ ಕಳೆದುಹೋಗುತ್ತದೆ. ಅಮೆರಿಕದ ಸಿಯಾಟಲ್‌ನ ಯಾನ್ ಹೈನೆ ಮತ್ತು ಅವರ ಬೈಸಿಕಲ್ ಕ್ವಾರ್ಟರ್ಲಿ ಪತ್ರಿಕೆಯವರು ಈ ಶತಮಾನದ ಮೊದಲ ದಶಕದಲ್ಲಿ ಟೈರುಗಳನ್ನು ನಿಜವಾದ ರಸ್ತೆಯಲ್ಲಿ, ಸವಾರನ ಸಮೇತ, ಇಳಿಜಾರಿನಲ್ಲಿ ಉರುಳಿಬಿಟ್ಟು ನೋಡಿದರು. ಡನ್‌ಲಪ್ ಅಂಗಳದಲ್ಲಿ ಮಾಡಿದ್ದನ್ನೇ! ಮೃದುವಾದ ಮೈಯ ಅಗಲ ಟೈರು, ಕಡಿಮೆ ಗಾಳಿಯಲ್ಲಿ, ಹಿಂದೆ ಬೀಳಲಿಲ್ಲ. ಪಂದ್ಯದ ತಂಡಗಳು ಆಮೇಲಿನ ವರ್ಷಗಳಲ್ಲಿ 23ರಿಂದ 25ಕ್ಕೆ, ಅಲ್ಲಿಂದ 28ಕ್ಕೆ ಏರಿದವು. ಗ್ರಾವೆಲ್ ಎಂಬ ಹೆಸರಿನಲ್ಲಿ 40 ಬಂದದ್ದು ಈ ಅಲೆಯ ಮೇಲೆ.

ನಮ್ಮ ದೇಶದಲ್ಲಿ ದಪ್ಪ ಟೈರಿಗೆ ಕೆಟ್ಟ ಹೆಸರು ಬರಲು ಬೇರೆಯೇ ಕಾರಣ ಎಂದು ನನ್ನ ಗುಮಾನಿ. 90ರ ದಶಕದಲ್ಲಿ ಹರ್ಕ್ಯುಲಿಸ್ ಎಂಟಿಬಿ, ಹೀರೋ ರೇಂಜರ್ ಎಂದು ಹಲ್ಲುಹಲ್ಲಿನ ಟೈರಿನ ಸೈಕಲ್ಲುಗಳು ಬಂದವು. ಶಾಲೆಯಲ್ಲಿ ಅದಿಲ್ಲದವನು ಬಡಪಾಯಿ. ಟಾರು ರಸ್ತೆಯಲ್ಲಿ ಅದು ಗುಂಯ್ ಎಂದು ಸದ್ದು ಮಾಡುತ್ತಾ ತುಳಿಯುವವನ ತೊಡೆ ಬಿರಿಸುತ್ತಿತ್ತು. ಆ ಭಾರ ಅಗಲದ್ದಲ್ಲ. ಹಲ್ಲಿನದು, ದಪ್ಪ ಅಗ್ಗದ ರಬ್ಬರಿನದು. ಆದರೂ ಅದನ್ನು ತುಳಿದು ಬೆಳೆದ ನಮ್ಮ ತಲೆಮಾರು ಕೆಲಸ ಸಿಕ್ಕ ಮೇಲೆ ಸಣ್ಣ ಟೈರಿನ ಹೈಬ್ರಿಡ್ಡಿಗೆ, ರೋಡ್ ಬೈಕಿಗೆ ಹಾರಿತು. ಭಾನುವಾರ ಬೆಳಗಿನ ಜಾವ ಇಸಿಆರ್‌ನಲ್ಲಿ ಮುಟ್ಟುಕಾಡು ದಾಟಿ ಮಹಾಬಲಿಪುರದ ಕಡೆ ಹೋಗುವ ಗುಂಪುಗಳನ್ನು ನೋಡಿದರೆ ಗೊತ್ತಾಗುತ್ತದೆ. ಅದೇ ಹೊತ್ತಿಗೆ ಕಾಸಿಮೇಡಿನಿಂದ ಮೀನು ಹೇರಿಕೊಂಡು ಹೊರಟವನ ಕೆಳಗೆ ದಪ್ಪ ಟೈರೇ.

ಈಗ ಪಂಚರಿನ ವಿಷಯ. ಅಗಲ ಟೈರು ಹಾಕಿದರೆ ಪಂಚರ್ ಆಗುವುದಿಲ್ಲ ಎಂದು ಮಾರುವವರು ಹೇಳುವುದು ಅರ್ಧ ಮಾತ್ರ ನಿಜ. ವೇಳಚ್ಚೇರಿ ವಿಜಯನಗರದ ಬಸ್ ನಿಲ್ದಾಣದ ಹತ್ತಿರ ನಾನು ಹೋಗುವ ಪಂಚರ್ ಅಂಗಡಿಯ ಹಿರಿಯರು ಇದನ್ನು ನನಗಿಂತ ಚೆನ್ನಾಗಿ ವಿಂಗಡಿಸುತ್ತಾರೆ. ಟ್ಯೂಬನ್ನು ನೀರಲ್ಲಿ ಅದ್ದಿ, ಗುಳ್ಳೆ ಬರುವ ಜಾಗಕ್ಕೆ ಬೆರಳಿಟ್ಟು, "ನೋಡಿ ತಂಬಿ, ಪಕ್ಕಪಕ್ಕ ಎರಡು ತೂತು ಇದ್ದರೆ ಅದು ಗುಂಡಿಯದು. ಒಂದೇ ಇದ್ದರೆ ಮುಳ್ಳೋ ತಂತಿಯೋ," ಎಂದರು.

"ಯಾವುದು ಹೆಚ್ಚು ಬರುತ್ತೆ ಅಣ್ಣಾ?"

"ಸಣ್ಣ ಟೈರಿನವರಿಗೆ ಗುಂಡಿ. ತಣ್ಣೀರ್ ಕ್ಯಾನಿನವರಿಗೆ ತಂತಿ."

ಇದರ ಹಿಂದಿನ ಲೆಕ್ಕ ಸರಳ. ಹಿಂದಿನ ಚಕ್ರದ ಮೇಲೆ 50 ಕಿಲೋ ಭಾರ ಇದೆ ಎಂದುಕೊಳ್ಳಿ. ಗಾಳಿ 100 ಪಿಎಸ್‌ಐ ಇದ್ದರೆ ನೆಲಕ್ಕೆ ತಾಗುವುದು ಸುಮಾರು 7 ಚದರ ಸೆಂಟಿಮೀಟರ್, 50 ಇದ್ದರೆ 14. ಕಡಿಮೆ ಗಾಳಿಯ ಟೈರು ಸಣ್ಣ ಕಲ್ಲನ್ನು ತನ್ನೊಳಗೆ ಮಡಚಿಕೊಂಡು ದಾಟುತ್ತದೆ. ಸಣ್ಣ ಟೈರಿಗೂ ಗಾಳಿ ಕಡಿಮೆ ಮಾಡಬಹುದಲ್ಲ ಎಂದರೆ, ಅಲ್ಲಿ ರಿಮ್ಮಿಗೂ ನೆಲಕ್ಕೂ ನಡುವೆ ಜಾಗವಿಲ್ಲ. ಮೆಟ್ರೋ ಕೆಲಸಕ್ಕೆ ಅಗೆದು ಅರ್ಧ ಮುಚ್ಚಿದ ಗುಂಡಿಯ ಅಂಚಿಗೆ ಹೊಡೆದ ಕೂಡಲೇ ಟ್ಯೂಬು ರಿಮ್ಮಿನ ಎರಡು ಅಂಚಿನ ನಡುವೆ ಸಿಕ್ಕಿ ಎರಡು ತೂತು. ಮಳೆನೀರು ನಿಂತ ಗುಂಡಿಯ ಆಳ ಕಾಣುವುದೂ ಇಲ್ಲ. ಈ ಬಗೆಯ ಪಂಚರನ್ನು ಅಗಲ ಹೆಚ್ಚುಕಡಿಮೆ ಇಲ್ಲವಾಗಿಸುತ್ತದೆ. ಆದರೆ ಅಗಲ ಟೈರಿಗೆ ಸಣ್ಣದರಷ್ಟೇ ಗಾಳಿ ಹೊಡೆದರೆ ಕೆಲಸ ಕೆಟ್ಟಿತು: ಟೈರಿನ ಮೈಯಲ್ಲಿ ಬಿಗಿತ ಗಾಳಿಯ ಒತ್ತಡಕ್ಕೂ ಅಗಲಕ್ಕೂ ಕೂಡಿ ಏರುತ್ತದೆ. 23ರ ಟೈರು 100ರಲ್ಲಿ ಎಷ್ಟು ಬಿಗಿಯೋ 46ರ ಟೈರು 50ರಲ್ಲೇ ಅಷ್ಟು ಬಿಗಿ. ಫ್ರಾಂಕ್ ಬರ್ಟೊ ಎಂಬ ಅಮೆರಿಕದ ಎಂಜಿನಿಯರ್ ಹೇಳಿದ ಅಂದಾಜು ನನಗೆ ಉಪಯೋಗಕ್ಕೆ ಬಂದಿದೆ: ಸವಾರ ಕೂತಾಗ ಟೈರು ತನ್ನ ಎತ್ತರದ ಶೇಕಡಾ 15ರಷ್ಟು ತಗ್ಗಬೇಕು. ಹೆಬ್ಬೆಟ್ಟಿನವರು ಇದನ್ನೇ ಅಂದಾಜಿನಲ್ಲಿ ಮಾಡುತ್ತಿದ್ದರು.

ಮುಳ್ಳಿಗೆ ಮಾತ್ರ ಅಗಲದ ಹಂಗಿಲ್ಲ. ಪಳ್ಳಿಕರಣೈ ಜೌಗಿನ ಅಂಚಿನಲ್ಲಿ, ಖಾಲಿ ಸೈಟುಗಳಲ್ಲಿ ಬೆಳೆದಿರುವ ಸೀಮೈ ಕರುವೇಲಂ ಪೊದೆ ನೋಡಿರುತ್ತೀರಿ. ನಮ್ಮ ಕನ್ನಡದಲ್ಲಿ ಅದಕ್ಕೆ ಬಳ್ಳಾರಿ ಜಾಲಿ ಎಂದು ಹೆಸರು. ಅಮೆರಿಕ ಖಂಡದ ಈ ಗಿಡವನ್ನು ಸೌದೆಗಾಗಿ 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆ ತರಿಸಿ ಒಣಭೂಮಿಯಲ್ಲಿ ನೆಡಿಸಿತು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಈ ಮದ್ರಾಸಿನದೇ ಜಿಲ್ಲೆ. ತಮಿಳರಿಗೆ ಅದು ಸೀಮೆಯಿಂದ ಬಂದ ಮುಳ್ಳು, ನಮಗೆ ಬಳ್ಳಾರಿಯಿಂದ ಬಂದದ್ದು, ಬಳ್ಳಾರಿಯವರನ್ನು ಕೇಳಿದರೆ ಇನ್ನೇನು ಹೇಳುತ್ತಾರೋ. ಮುಳ್ಳಿನ ಜೊತೆಗೆ ಈಗ ತಂತಿ. ಬಂದರಿಗೆ ಹೋಗುವ ಕಂಟೇನರ್ ಲಾರಿಗಳ ಟೈರು ಸಿಡಿದಾಗ ಒಳಗಿನ ಉಕ್ಕಿನ ಎಳೆಗಳು ರಸ್ತೆಯ ಅಂಚಿಗೆ ಸರಿದು, ಸರಿಯಾಗಿ ಸೈಕಲ್ ಹೋಗುವ ಜಾಗದಲ್ಲೇ ಬಿದ್ದಿರುತ್ತವೆ. ಕೂದಲಿನಷ್ಟು ಸಣ್ಣದು, ನಿಧಾನವಾಗಿ ಒಳಗೆ ಇಳಿಯುತ್ತದೆ. ಇವನ್ನು ತಡೆಯುವುದು ಅಗಲವಲ್ಲ, ನೆಲಕ್ಕೆ ತಾಗುವ ಭಾಗದ ರಬ್ಬರಿನ ದಪ್ಪ. ಹಳೆಯ ರೋಡ್‌ಸ್ಟರ್ ಟೈರಿನಲ್ಲಿ ಅಗಲವೂ ದಪ್ಪವೂ ಒಟ್ಟಿಗೇ ಇದ್ದುದರಿಂದ ನಾವು ಎರಡನ್ನೂ ಒಂದೇ ಎಂದುಕೊಂಡೆವು. ಜರ್ಮನಿಯ ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟೈರಿನಲ್ಲಿ ಹೊರ ರಬ್ಬರಿನ ಕೆಳಗೆ 5 ಮಿಲಿಮೀಟರಿನ ಮೆತ್ತನೆಯ ಪಟ್ಟಿ ಇರುತ್ತದೆ, ಗುಂಡುಪಿನ್ನೂ ಟ್ಯೂಬು ಮುಟ್ಟದು. ಅದಕ್ಕೆ ತೆರುವ ಬೆಲೆ ತೂಕ ಮತ್ತು ಒಂದಿಷ್ಟು ಜಡತನ. ಇನ್ನು ಕೆಲವರು ಕೆವ್ಲಾರ್ ಎಳೆಯ ತೆಳು ಪಟ್ಟಿ ಹಾಕುತ್ತಾರೆ, ಹಗುರ, ಆದರೆ ತಂತಿಗೆ ಅಷ್ಟು ಅಂಜಿಕೆಯಿಲ್ಲ. ನಮ್ಮ ಪಂಚರ್ ಅಂಗಡಿಯವರು ಹಳೆ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನೊಳಗೆ ಹಾಸುವುದೂ ಇದೇ ಉಪಾಯ, ಖರ್ಚಿಲ್ಲದ್ದು.

ನಾನು ಕೊನೆಗೆ ಆರಿಸಿದ್ದು 38 ಮಿಲಿಮೀಟರಿನದು, ಹಲ್ಲಿಲ್ಲದ್ದು, ನಡುವೆ ಮಧ್ಯಮ ದಪ್ಪದ ರಕ್ಷಾಪಟ್ಟಿ ಇರುವುದು. ನೀವೂ ಇದಕ್ಕೆ ಕೈಹಾಕುವುದಾದರೆ ಒಂದು ಸಂಗತಿ ತಿಳಿದಿರಲಿ. ಹೈಬ್ರಿಡ್ಡಿನ ಟೈರಿಗೂ 28 ಎಂದು ಬರೆದಿರುತ್ತಾರೆ, ಅಪ್ಪನ ಸೈಕಲ್ಲಿನದಕ್ಕೂ 28. ಆದರೆ ಹೈಬ್ರಿಡ್ಡಿನ ರಿಮ್ಮು 622, ರೋಡ್‌ಸ್ಟರಿನದು 635. ಹದಿಮೂರು ಮಿಲಿಮೀಟರಿನ ಈ ವ್ಯತ್ಯಾಸದಿಂದ ಒಂದು ಇನ್ನೊಂದಕ್ಕೆ ಕೂರುವುದೇ ಇಲ್ಲ. ಕೆಲವು ನೂರು ರೂಪಾಯಿಗೆ ಸಿಗುವ, ಎಲ್ಲ ಊರಲ್ಲೂ ಸಿಗುವ 28 × 1½ ನನ್ನ ಸೈಕಲ್ಲಿಗೆ ಆಗದು. ಅದೇ ಅಗಲದ, ಬೇರೆ ರಿಮ್ಮಿನ ಟೈರಿಗೆ ಸಾವಿರಗಳಲ್ಲಿ ಕೊಡಬೇಕು. ಫೋರ್ಕಿನ ನಡುವೆ ಜಾಗ ಇದೆಯೋ ಇಲ್ಲವೋ ಅಳೆದು ನೋಡಿ. ಎರಡೂ ಬದಿ ನಾಲ್ಕೈದು ಮಿಲಿಮೀಟರಾದರೂ ಬಿಡದಿದ್ದರೆ ಮಳೆಗಾಲದ ಕೆಸರು ಅಲ್ಲೇ ಗಟ್ಟಿಯಾಗುತ್ತದೆ.

ಮುಂದೆ 45, ಹಿಂದೆ 50 ಪಿಎಸ್‌ಐ. ನನ್ನ ತೂಕ 74 ಕಿಲೋ, ಜೊತೆಗೆ ಲ್ಯಾಪ್‌ಟಾಪಿನ ಚೀಲ. ಮಡ್‌ಗಾರ್ಡು ಹೊಸ ಟೈರಿಗೆ ಉಜ್ಜುತ್ತಿತ್ತು. ವಿಜಯನಗರದ ಹಿರಿಯರು ಮೂಲೆಯಲ್ಲಿ ಬಿದ್ದಿದ್ದ ಹಳೆ ರೋಡ್‌ಸ್ಟರಿನ ಮಡ್‌ಗಾರ್ಡ್ ಎತ್ತಿಕೊಂಡು, ಅದರ ಕಂಬಿ ಬಗ್ಗಿಸಿ, ಹಿಂದಿನ ಚಕ್ರಕ್ಕೆ ಕೂರಿಸಿಕೊಟ್ಟು 150 ರೂಪಾಯಿ ತೆಗೆದುಕೊಂಡರು. ಆಮೇಲೆ ಒಂದು ಪೂರ್ತಿ ಮಳೆಗಾಲ ಕಳೆಯಿತು. ಎರಡು ಪಂಚರ್, ಒಂದು ಜಾಲಿಮುಳ್ಳು, ಒಂದು ಲಾರಿಯ ತಂತಿ. ಎರಡೂ ಒಂಟಿ ತೂತಿನವು.